ತಳವಾರಘಟ್ಟದ ಸೇತುವೆ: ನೆಲವನ್ನು ಕೇಳದೆ ಎಳೆದ ಗೆರೆ

ತುಂಗಭದ್ರೆಯ ತೆಂಕಣ ದಡದಲ್ಲಿ, ಹಂಪಿಯ ಮಗ್ಗುಲಲ್ಲಿ, ತಳವಾರಘಟ್ಟ; ಬಡಗಣ ದಡದಲ್ಲಿ ಆನೆಗೊಂದಿ. ನಡುವೆ ಇರುವುದು ಹೊಳೆ ಮಾತ್ರ. ಬೇಸಿಗೆಯಲ್ಲಿ ನೀರು ಇಳಿದಾಗ ಆಚೆ ದಡದಲ್ಲಿ ಬಟ್ಟೆ ಒಗೆಯುವ ಸದ್ದು ಈಚೆಗೆ ಕೇಳುತ್ತದೆ. ಮೇಲೆ ಅಣೆಕಟ್ಟಿನ ಗೇಟು ತೆಗೆದರೆಂದರೆ ಅದೇ ಹೊಳೆ ಎರಡೂರುಗಳನ್ನು ಎರಡು ಲೋಕ ಮಾಡಿಬಿಡುತ್ತದೆ. ಹರಿಗೋಲು ನಿಲ್ಲುತ್ತದೆ. ಹತ್ತಿರದಲ್ಲಿ ಸೇತುವೆ ಬರುವ ತನಕ, ಕಣ್ಣೆದುರಿನ ದಡ ಮುಟ್ಟಲು ಗಂಗಾವತಿ, ಮುನಿರಾಬಾದ್, ಹೊಸಪೇಟೆ ಎಂದು ಹತ್ತಾರು ಕಿಲೋಮೀಟರ್ ಸುತ್ತಬೇಕಿತ್ತು. ಹೆರಿಗೆ ನೋವು ಕಾಣಿಸಿಕೊಂಡವಳಿಗೂ ಅದೇ ಸುತ್ತು, ಪರೀಕ್ಷೆಗೆ ಹೊರಟ ಹುಡುಗನಿಗೂ ಅದೇ ಸುತ್ತು, ಭತ್ತ ಮಾರಲು ಹೊರಟವನಿಗೂ ಅದೇ ಸುತ್ತು.

ಆದ್ದರಿಂದ ಇಲ್ಲಿಗೊಂದು ಸೇತುವೆ ಬೇಕೆಂದು ಕೇಳಿದವರದು ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಹಂಪಿಯ ಸೇತುವೆಯ ಮಾತು ಬಂದಾಗಲೆಲ್ಲ ಅದನ್ನು ಕಲ್ಲು ದೊಡ್ಡದೋ ಜನ ದೊಡ್ಡವರೋ ಎಂಬ ಜಗಳವಾಗಿ ಹೇಳುವ ರೂಢಿ ಬೆಳೆದಿದೆ. ಆ ರೂಢಿಯಿಂದಾಗಿ ನಿಜವಾದ ಎಡವಟ್ಟು ಎಲ್ಲಿ ಆಯಿತೆಂಬುದು ಮರೆಯಾಗುತ್ತದೆ. ಈ ನೆಲದಲ್ಲಿ ಹಳೆಯದು ಏನೇನಿದೆ ಎಂದು ಗೆರೆ ಇನ್ನೂ ಪೆನ್ಸಿಲ್‌ನಲ್ಲಿ ಇದ್ದಾಗ ಕೇಳಬೇಕಿದ್ದ ಪ್ರಶ್ನೆಯನ್ನು ಕಾಂಕ್ರೀಟ್ ಕಂಬ ಎದ್ದ ಮೇಲೆ ಕೇಳಿದರು. ಈ ಪ್ರಕರಣದ ಹುರುಳೆಲ್ಲ ಅಷ್ಟರಲ್ಲೇ ಇದೆ.

ಹಳೆಯ ಕಡವು

ಇಲ್ಲಿ ಹೊಳೆ ದಾಟುವುದು ನಿನ್ನೆ ಮೊನ್ನೆಯ ಮಾತಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆನೆಗೊಂದಿಗೆ ದಾಟುವ ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿರುವ, ಒಳಗೆ ಬೆತ್ತ ಹೆಣೆದು ಹೊರಗೆ ತೊಗಲು ಹೊದಿಸಿದ, ಹದಿನೈದಿಪ್ಪತ್ತು ಜನರನ್ನು ಹೊರುವ, ನೆಟ್ಟಗೆ ಸಾಗದೆ ಗಿರಗಿರನೆ ತಿರುಗುತ್ತಲೇ ಹೋಗುವ ದೋಣಿಗಳು ಅವು. ನಮ್ಮ ಹರಿಗೋಲಿಗೆ ಇದಕ್ಕಿಂತ ಒಳ್ಳೆಯ ವರ್ಣನೆಯನ್ನು ನಾನು ಓದಿಲ್ಲ. ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ತಿರುಗುವುದು ಹಾಗೇ ಇದೆ.

ಅಲ್ಲಿಂದ ವಿಠ್ಠಲ ದೇವಸ್ಥಾನದ ಕಡೆಗೆ ದಡದಗುಂಟ ನಡೆದರೆ ನೀರಿನ ನಡುವೆ ಜೋಡಿ ಜೋಡಿಯಾಗಿ ನಿಂತ ಕಣಶಿಲೆಯ ಕಂಬಗಳು ಕಾಣುತ್ತವೆ. ವಿಜಯನಗರದ ಕಾಲದ ಸೇತುವೆಯ ಅಳಿದುಳಿದ ಭಾಗ ಅದು. ಮೇಲಿದ್ದ ಹಾಸು ಎಂದೋ ಹೋಗಿದೆ, ಕಂಬಗಳು ಪ್ರವಾಹಕ್ಕೆ ಎದೆಯೊಡ್ಡಿ ನಿಂತಿವೆ. ಎರಡು ದಡಗಳನ್ನು ಜೋಡಿಸುವ ಆಸೆ ಇಲ್ಲಿ ಕಡಿಮೆಯೆಂದರೂ ಐದು ನೂರು ವರ್ಷ ಹಳೆಯದು.

ದಡದಿಂದ ಊರೊಳಗೆ ಬರುವ ದಾರಿಯೂ ಹಳೆಯದೇ. ತಳವಾರಘಟ್ಟದ ಕೋಟೆಬಾಗಿಲು ಆ ದಾರಿಯ ಮೇಲೆಯೇ ಇದೆ. ಇಂದಿನ ರಸ್ತೆ ಹಾಯುವುದೂ ಅದೇ ಬಾಗಿಲಿನಡಿಯಲ್ಲಿ. ವಿಠ್ಠಲ ದೇವಸ್ಥಾನದತ್ತ ತಿರುಗಿದರೆ ಗೆಜ್ಜಲ ಮಂಟಪ, ಕುದುರೆಗೊಂಬೆ ಮಂಟಪ. ಆಚೆ ದಡದ ಕಡೆ ಹೊಳೆಯ ನಡುಗಡ್ಡೆಯಲ್ಲಿ ನವಬೃಂದಾವನ. ಆನೆಗೊಂದಿಯ ಕೋಟೆ, ಅದರ ಹಿಂದಿನ ಬೆಟ್ಟಗಳಲ್ಲಿ ಇತಿಹಾಸಪೂರ್ವ ಕಾಲದ ಬಂಡೆಚಿತ್ರಗಳು. ಇನ್ನೂ ಸ್ವಲ್ಪ ದೂರ ಹೋದರೆ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಶಿಲಾಗೋರಿಗಳು. ಊರಿನವರ ಬಾಯಲ್ಲಿ ಅವು ಮೋರ್ಯರ ಮನೆಗಳು. ನೂರು ವರ್ಷದಲ್ಲಿ ಕಟ್ಟಿ ಮುಗಿಸಿದ ರಾಜಧಾನಿಯೊಂದರ ನೆಲ ಇದಲ್ಲ. ಒಂದರ ಮೇಲೊಂದು ಪದರವಾಗಿ ಮನುಷ್ಯರು ಬದುಕಿ ಹೋದ ನೆಲ.

ಹಂಪಿಯ ಸ್ಮಾರಕ ಸಮೂಹ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 1986ರಲ್ಲಿ.

ಸೇತುವೆ ಬಂತು, ನಿಂತಿತು, ಬಿತ್ತು

1990ರ ದಶಕದಲ್ಲಿ ಹಂಪಿಯ ಸುತ್ತ ಎರಡು ತೂಗುಸೇತುವೆಗಳ ಕೆಲಸ ಶುರುವಾಯಿತು. ಒಂದು ತಳವಾರಘಟ್ಟ ಮತ್ತು ಆನೆಗೊಂದಿಯ ನಡುವೆ, ವಾಹನಗಳಿಗಾಗಿ. ಇನ್ನೊಂದು ವಿರೂಪಾಪುರ ಗಡ್ಡೆಗೆ ಹೋಗಲು, ನಡೆದು ದಾಟುವವರಿಗಾಗಿ. ಎರಡೂ ಎದ್ದದ್ದು ವಿಶ್ವ ಪರಂಪರೆಯ ತಾಣವೆಂದು ಒಪ್ಪಿಕೊಂಡಿದ್ದ ಭೂದೃಶ್ಯದ ಒಡಲಲ್ಲೇ. ಈ ಕೆಲಸದ ನಡುವೆ ಒಂದು ಪ್ರಾಚೀನ ಮಂಟಪವನ್ನು ಬಿಚ್ಚಿ ಬೇರೆ ಕಡೆಗೆ ಸಾಗಿಸಲಾಯಿತು.

ಮಂಟಪವನ್ನು ಬಿಚ್ಚಿದ ವಿಷಯ ಕೆಲವರಿಗೆ ಸಣ್ಣದಾಗಿ ಕಂಡೀತು. ಕಲ್ಲು ಹಾಳಾಗಲಿಲ್ಲವಲ್ಲ, ಇನ್ನೊಂದು ಕಡೆ ನಿಲ್ಲಿಸಬಹುದಲ್ಲ ಎಂದು ಕೇಳುವವರಿದ್ದಾರೆ. ನನಗೆ ಈ ಪ್ರಕರಣದಲ್ಲಿ ಬಹಳ ನೋವು ಕೊಡುವ ಸಂಗತಿ ಇದೇ. ಹೊಳೆ ದಡದ ಮಂಟಪ ಸುಮ್ಮನೆ ನಾಲ್ಕು ಕಂಬ, ಮೇಲೊಂದು ಚಾವಣಿ ಅಲ್ಲ. ಅದು ಯಾವ ಸ್ನಾನಘಟ್ಟದ ಮೆಟ್ಟಿಲಿಗೆ ಎದುರಾಗಿತ್ತು, ಯಾವ ದಾರಿಯ ತುದಿಯಲ್ಲಿತ್ತು, ದೇವರ ತೆಪ್ಪ ಎಲ್ಲಿ ಬಂದು ನಿಲ್ಲುತ್ತಿತ್ತು, ಅದರ ಪಾಯದ ಕೆಳಗೆ ಯಾವ ಕಾಲದ ಮಣ್ಣಿತ್ತು ಎಂಬುದೆಲ್ಲ ಅದು ನಿಂತ ಜಾಗದಲ್ಲಿ ಬರೆದಿರುತ್ತದೆ. ಕಂಬಗಳಿಗೆ ನಂಬರು ಬರೆದು ಲಾರಿಗೆ ಹೇರಬಹುದು. ಜಾಗವನ್ನು ಹೇರಲಾಗುವುದಿಲ್ಲ. ಬಿಚ್ಚುವುದು ಅನಿವಾರ್ಯವೇ ಆಗಿದ್ದರೆ ಅದಕ್ಕೂ ಮೊದಲು ಅಡಿಪಾಯದ ತನಕ ಅಗೆದು, ಅಳೆದು, ಚಿತ್ರ ಬರೆದು, ಆಮೇಲೆ ಕೈ ಹಚ್ಚಬೇಕು. ಕ್ರಮ ಅದು.

1999ರ ಕೊನೆಯಲ್ಲಿ ಮೊರಾಕೊ ದೇಶದ ಮರಾಕೇಶ್‌ನಲ್ಲಿ ಸೇರಿದ ವಿಶ್ವ ಪರಂಪರೆ ಸಮಿತಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಸೇತುವೆಗಳೇ ಮುಖ್ಯ ಕಾರಣ. ಸೇತುವೆಯ ಮೇಲೆ ಬರುವ ಲಾರಿ, ಬಸ್ಸುಗಳು ಮುಂದೆ ಎಲ್ಲಿ ಹೋಗುತ್ತವೆ ಎಂಬ ಚಿಂತೆಯೂ ಅದರ ಜೊತೆಗಿತ್ತು. ಉತ್ತರ ಸುಲಭ: ತಳವಾರಘಟ್ಟದ ಕೋಟೆಬಾಗಿಲಿನೊಳಗೆ, ಮಂಟಪಗಳ ಮಗ್ಗುಲಲ್ಲಿ, ರಾಜಧಾನಿಯ ಅವಶೇಷಗಳ ನಡುವೆ. ಸೇತುವೆ ತಾನು ಆವರಿಸುವ ಜಾಗ ಸ್ವಲ್ಪವೇ. ಅದು ಎಳೆದು ತರುವ ಓಡಾಟ, ಆ ಓಡಾಟದ ಹಿಂದೆ ಏಳುವ ಅಂಗಡಿ, ಪೆಟ್ರೋಲ್ ಬಂಕ್, ಲೇಔಟ್‌ಗಳು ಆವರಿಸುವ ಜಾಗ ದೊಡ್ಡದು. ಬಹುತೇಕ ಅಧ್ಯಯನಗಳು ಕಂಬ ಕೂರುವ ಜಾಗವನ್ನಷ್ಟೇ ನೋಡಿ ಇದನ್ನು ಬಿಟ್ಟುಬಿಡುತ್ತವೆ.

ಅಲ್ಲಿಂದ ಕೆಲಸ ನಿಂತಿತು. ದಡದಲ್ಲಿ ಎತ್ತರದ ಕಂಬಗಳು, ನಡುವೆ ಅರ್ಧಕ್ಕೆ ನಿಂತ ಸೇತುವೆ, ಕೆಳಗೆ ಎಂದಿನಂತೆ ಹರಿಗೋಲು. ಪರಿಣತರ ತಂಡಗಳು ಬಂದುಹೋದವು, ವರದಿಗಳು ಓಡಾಡಿದವು. ಈ ಗೊಂದಲದಿಂದ ಒಂದು ಒಳ್ಳೆಯದೂ ಹುಟ್ಟಿತು. ರಾಜ್ಯ ಸರ್ಕಾರ 2002ರಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆ ತಂದಿತು. ಎರಡೂ ದಡದ ಹಳ್ಳಿಗಳನ್ನು ಒಂದೇ ಯೋಜನೆಯಡಿ ನೋಡುವ ವ್ಯವಸ್ಥೆ ಆಗ ಬಂತು. ನಡೆದು ದಾಟುವ ಸೇತುವೆಯನ್ನು ಕಡೆಗೆ ತೆಗೆಯಲಾಯಿತು. ಆನೆಗೊಂದಿ ಸೇತುವೆಗೆ ಲಘು ವಾಹನಗಳಷ್ಟೇ ಸಾಕು, ಭಾರದ ವಾಹನಗಳಿಗೆ ತಾಣದ ಹೊರಗೆ ಬೇರೆ ದಾರಿ ಹುಡುಕೋಣ ಎಂಬ ಒಪ್ಪಂದದತ್ತ ಮಾತು ಸಾಗಿತು. 2006ರಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ನಡೆದ ಸಭೆ ಹಂಪಿಯನ್ನು ಅಪಾಯದ ಪಟ್ಟಿಯಿಂದ ಕೈಬಿಟ್ಟಿತು.

ಸೇತುವೆಯ ಕೆಲಸ ಮತ್ತೆ ಶುರುವಾಯಿತು. 2009ರ ಜನವರಿಯಲ್ಲಿ, ಕೆಲಸ ನಡೆಯುತ್ತಿದ್ದಾಗಲೇ, ಅದು ಕುಸಿದು ಹೊಳೆಗೆ ಬಿತ್ತು. ಮೇಲಿದ್ದ ಕೂಲಿ ಕಾರ್ಮಿಕರಲ್ಲಿ ಹಲವರು ಪ್ರಾಣ ಕಳೆದುಕೊಂಡರು.

ಆ ಸಾವುಗಳನ್ನು ಪುರಾತತ್ವದ ಲೆಕ್ಕಕ್ಕೆ ಸೇರಿಸುವುದು ತಪ್ಪಾಗುತ್ತದೆ. ಕಟ್ಟುವ ಮೊದಲು ಪುರಾತತ್ವ ಸಮೀಕ್ಷೆ ಮಾಡಿದ್ದರೆ ಸೇತುವೆ ಬೀಳುತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಜಾಗವನ್ನು ಮೊದಲೇ ಕೈಬಿಟ್ಟಿದ್ದರೆ ಅವರು ಅಂದು ಅಲ್ಲಿ ಇರುತ್ತಿರಲಿಲ್ಲ ಎಂಬ ಯೋಚನೆಯನ್ನು ಮನಸ್ಸಿನಿಂದ ದೂಡಲು ನನಗೆ ಆಗಿಲ್ಲ.

ಗೊತ್ತಿತ್ತು, ಆದರೆ ಕೇಳಿಸಿಕೊಳ್ಳಲಿಲ್ಲ

ಎಷ್ಟೋ ಕಡೆ ರಸ್ತೆ ಕಟ್ಟುವವರು ನಿಜವಾಗಿಯೂ ಕತ್ತಲಲ್ಲಿ ಇರುತ್ತಾರೆ. ನೆಲದ ಕೆಳಗೆ ಏನಿದೆಯೆಂದು ಯಾರೂ ನೋಡಿರುವುದಿಲ್ಲ. ಹಂಪಿಯಲ್ಲಿ ಹಾಗಿರಲಿಲ್ಲ. ಕರ್ನಾಟಕದಲ್ಲಿ ಇಷ್ಟು ವಿವರವಾಗಿ ನಡೆದು ಅಳೆದ ಭೂಪ್ರದೇಶ ಇನ್ನೊಂದಿಲ್ಲ ಎಂದರೆ ಹೆಚ್ಚಾಗದು.

1799ರಲ್ಲೇ ಬ್ರಿಟಿಷ್ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿ ಹಂಪಿಯ ಅವಶೇಷಗಳ ನಕ್ಷೆ ಮಾಡಿಸಿದ್ದ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ದೊಡ್ಡ ಕ್ಯಾಮೆರಾ ಹೊತ್ತು ಬಂದು ಇಲ್ಲಿನ ಕಟ್ಟಡಗಳ ಫೋಟೊ ತೆಗೆದಿದ್ದ. 1970ರ ದಶಕದಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ರಾಜ್ಯ ಪುರಾತತ್ವ ಇಲಾಖೆಯೂ ಅರಮನೆ ಪ್ರದೇಶದಲ್ಲಿ ಉತ್ಖನನ ನಡೆಸಿದವು. 1980ರಿಂದ ಸಂಶೋಧಕರಾದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ತಮ್ಮ ತಂಡದೊಂದಿಗೆ ಪ್ರತಿವರ್ಷ ಬಂದು ಕಟ್ಟಡಗಳ ಅವಶೇಷಗಳನ್ನು ಒಂದೊಂದಾಗಿ ಅಳೆದು ನಕ್ಷೆಗೆ ಇಳಿಸಿದರು. ಬರೀ ದೇವಸ್ಥಾನಗಳಲ್ಲ. ಮುರಿದ ಗೋಡೆ, ಬಂಡೆಯಲ್ಲಿ ಕೊರೆದ ಮೆಟ್ಟಿಲು, ನೀರಿನ ತೊಟ್ಟಿ, ಕಂಬದ ಗುಳಿ, ಎಲ್ಲವೂ ಅದರಲ್ಲಿ ಬಂತು.

ನನ್ನ ಮಟ್ಟಿಗೆ ಈ ಪ್ರಕರಣಕ್ಕೆ ಎಲ್ಲಕ್ಕಿಂತ ಹತ್ತಿರದ ಕೆಲಸ 1980ರ ದಶಕದ ಕೊನೆಯಲ್ಲಿ ಪುರಾತತ್ವಜ್ಞರಾದ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಶುರುಮಾಡಿದ ವಿಜಯನಗರದ ಹೊರವಲಯದ ಸಮೀಕ್ಷೆ. ಅವರು ಅರಮನೆ, ಗೋಪುರಗಳನ್ನು ಬಿಟ್ಟು ಹೊಲಗಳಿಗೆ ಇಳಿದರು. ಸಾಲಾಗಿ ನಿಂತು, ನೆಲ ನೋಡುತ್ತ, ಹೊಲದಿಂದ ಹೊಲಕ್ಕೆ, ಗುಡ್ಡದಿಂದ ಗುಡ್ಡಕ್ಕೆ ನಡೆದರು. ಕೆರೆ ಏರಿ, ಕಾಲುವೆ, ರಸ್ತೆ, ಕೋಟೆಗೋಡೆಯ ತುಂಡು, ಬಿಟ್ಟುಹೋದ ಹಳ್ಳಿ, ಕಬ್ಬಿಣ ಕರಗಿಸಿದ ಕಿಟ್ಟದ ರಾಶಿ, ದಾರಿ ಬದಿಯ ಸಣ್ಣ ಗುಡಿ ಹೀಗೆ 700ಕ್ಕೂ ಹೆಚ್ಚು ತಾಣಗಳನ್ನು ದಾಖಲಿಸಿದರು. ನಗರಕ್ಕೆ ಅನ್ನ ಹಾಕಿದ ನೆಲವೂ ನಗರದ ಭಾಗವೇ ಎಂದು ತೋರಿಸಿದ ಕೆಲಸ ಅದು. ಆ ಕಾಲದ ಕಾಲುವೆಗಳಲ್ಲಿ ಕೆಲವು ಇಂದಿಗೂ ಬಾಳೆ, ಭತ್ತಕ್ಕೆ ನೀರು ಕೊಡುತ್ತಿವೆ. ಅವುಗಳಲ್ಲೊಂದಾದ, ತುರ್ತು ಎಂಬ ಹೆಸರಿನ ಕಾಲುವೆಯ ನೀರಲ್ಲಿ ಕಾಲಿಟ್ಟು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂದರೆ ಸೇತುವೆಯ ಜಾಗ ಗೊತ್ತು ಮಾಡುವ ಹೊತ್ತಿಗೆ ನಕ್ಷೆಗಳಿದ್ದವು, ನಕ್ಷೆ ಮಾಡುತ್ತಿದ್ದವರು ಕಮಲಾಪುರದ ಸುತ್ತಮುತ್ತಲೇ ಓಡಾಡುತ್ತಿದ್ದರು. ತಾಣವನ್ನು ಪಟ್ಟಿಗೆ ಸೇರಿಸಿಕೊಂಡ ಒಪ್ಪಂದದ ನಿಯಮದಲ್ಲಿ, ದೊಡ್ಡ ನಿರ್ಮಾಣವನ್ನು ಹಿಂದೆ ಸರಿಯಲಾಗದ ಹಂತಕ್ಕೆ ಒಯ್ಯುವ ಮೊದಲೇ ತಿಳಿಸಬೇಕೆಂಬ ಮಾತೂ ಇತ್ತು. ಆದರೂ ಪಾರಂಪರಿಕ ನೆಲದ ಮೇಲೆ ಆಗುವ ಪರಿಣಾಮದ ಸಮಗ್ರ ಅಧ್ಯಯನ ಆಗದೆ ಕೆಲಸ ಶುರುವಾಯಿತು. ಲೋಕೋಪಯೋಗಿ ಕೆಲಸಗಳ ಜಗತ್ತಿನಲ್ಲಿ ಇದು ನಡೆಯುವ ಬಗೆ ಗೊತ್ತಿದ್ದವರಿಗೆ ಆಶ್ಚರ್ಯವಾಗದು. ಅಲೈನ್‌ಮೆಂಟ್, ಅಂದರೆ ರಸ್ತೆ ಹಾಯುವ ಗೆರೆ, ಎಳೆಯುವವರ ಮೇಜಿನ ಮೇಲೆ ಸಮಮಟ್ಟದ ರೇಖೆಗಳಿರುತ್ತವೆ, ನೀರಿನ ಹರಿವಿನ ಲೆಕ್ಕವಿರುತ್ತದೆ, ಮಣ್ಣು ಪರೀಕ್ಷೆಯ ಬೋರ್ ಇರುತ್ತದೆ, ಭೂಸ್ವಾಧೀನದ ಪಹಣಿ ಇರುತ್ತದೆ. ಆ ನೆಲ ಎಷ್ಟು ಹಳೆಯದೆಂಬ ಕಾಗದ ಮಾತ್ರ ಬೇರೆ ಇಲಾಖೆಯ ಕಪಾಟಿನಲ್ಲಿ ಇರುತ್ತದೆ.

ಇಲ್ಲಿ ಒಂದು ಸಮೀಕ್ಷೆ ಹೇಗೆ ನಡೆಯಬಹುದಿತ್ತು

ರಸ್ತೆ, ಸೇತುವೆಗೆ ಮೊದಲು ಮಾಡುವ ಪುರಾತತ್ವ ಸಮೀಕ್ಷೆ ಎಂದರೆ ಹಲವರು ಗುದ್ದಲಿ, ಬುಟ್ಟಿ, ವರ್ಷಗಟ್ಟಲೆ ಅಗೆತ ಎಂದುಕೊಳ್ಳುತ್ತಾರೆ. ಕೆಲಸದ ಬಹುಪಾಲು ಒಂದು ಹಿಡಿ ಮಣ್ಣೂ ಅಗೆಯದೆ ನಡೆಯುತ್ತದೆ.

ಮೊದಲ ಕೆಲಸ ಕಾಗದದ್ದು. ಮೆಕೆಂಜಿಯ ನಕ್ಷೆ, ಗ್ರೀನ್‌ಲಾನ ಫೋಟೊ, ಶಾಸನ ಸಂಪುಟಗಳು, ಹಿಂದಿನ ಉತ್ಖನನದ ವರದಿಗಳು, ಉಪಗ್ರಹ ಚಿತ್ರ. ಇವನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ಹೊಳೆಗೆ ಇಳಿಯುವ ಹಳೆಯ ದಾರಿಗಳು ಎಲ್ಲಿದ್ದವು, ಘಟ್ಟಗಳು ಎಲ್ಲಿದ್ದವು ಎಂದು ಗುರುತಿಸುವುದು.

ಆಮೇಲೆ ಕಂದಾಯದ ಕಾಗದ. ಇದರ ಬೆಲೆ ನಮ್ಮಲ್ಲಿ ಗೊತ್ತಾಗಿರುವುದು ಕಡಿಮೆ. ಗ್ರಾಮ ನಕಾಶೆಯಲ್ಲಿ ಬೇಚರಾಕ್ ಎಂದು ಬರೆದ ಗ್ರಾಮವಿದ್ದರೆ ಅಲ್ಲಿ ಒಂದು ಕಾಲದಲ್ಲಿ ಜನವಿದ್ದರು ಎಂದೇ ಅರ್ಥ. ಹೊಲಗಳಿಗೆ ಇರುವ ಹೆಸರುಗಳು ಇನ್ನೂ ಮಾತಾಡುತ್ತವೆ: ಹಾಳೂರ ಹೊಲ, ಗುಡಿ ಹೊಲ, ಬೂದಿಗುಡ್ಡ, ಮೋರ್ಯರ ಗುಡ್ಡ. ಆ ಹೆಸರುಗಳು ಯಾವ ಸರ್ವೆ ನಂಬರಿನಲ್ಲೂ ಇರುವುದಿಲ್ಲ. ಎಮ್ಮೆ ಕಾಯುವ ಅಜ್ಜನನ್ನು ಕೇಳಬೇಕು, "ಯಜ್ಜಾ, ಈ ಹೊಲಕ್ಕ ಏನಂತಾರ?" ಎಂದು. ಅವರು ಹೇಳುವ ಒಂದು ಹೆಸರು ಒಂದು ದಿನದ ನಡಿಗೆಯನ್ನು ಉಳಿಸುತ್ತದೆ.

ಈ ಮಾತಿಗೆ ಬಳ್ಳಾರಿ ಸೀಮೆಯ ಬೂದಿ ದಿಬ್ಬಗಳೇ ಸಾಕ್ಷಿ. ಬಳ್ಳಾರಿಯಿಂದ ಹೊಸಪೇಟೆಗೆ ಬರುವ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಅಲ್ಲಿನ ದಿಬ್ಬವನ್ನು ಜನ ರಕ್ಕಸನನ್ನು ಸುಟ್ಟ ಬೂದಿ ಎನ್ನುತ್ತಾರೆ. ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿ ಹಚ್ಚಿದ್ದರಿಂದ ಆದ ದಿಬ್ಬ ಅದು, ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ತೆಲಂಗಾಣದ ಉಟ್ನೂರಿನ ಬೂದಿ ದಿಬ್ಬವನ್ನು 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಗೋಪುರವಿಲ್ಲ, ಶಾಸನವಿಲ್ಲ, ನೋಡಲು ಬರೀ ಬೂದಿಮಣ್ಣು. ರಸ್ತೆಗೆ ಮಣ್ಣು ತುಂಬುವ ಟಿಪ್ಪರ್ ಚಾಲಕನಿಗೆ ಅದು ಸುಲಭದಲ್ಲಿ ಸಿಗುವ ಮೆತ್ತನೆ ಮಣ್ಣು, ಅಷ್ಟೇ. ಅದಕ್ಕೇ ಸಮೀಕ್ಷೆ ರಸ್ತೆಯ ಗೆರೆಯಲ್ಲಷ್ಟೇ ನಡೆದರೆ ಸಾಲದು. ಗರಸು ತೆಗೆಯುವ ಗುಂಡಿ, ಜಲ್ಲಿ ಕ್ರಷರ್, ಕಾರ್ಮಿಕರ ಶೆಡ್ಡು, ಲಾರಿ ನಿಲ್ಲುವ ಜಾಗ, ತಾತ್ಕಾಲಿಕ ದಾರಿ, ಎಲ್ಲವನ್ನೂ ನೋಡಬೇಕು. ಹೆಚ್ಚು ನಾಶ ಆಗುವುದು ಅಲ್ಲೇ, ಅದೂ ಯಾರ ನಕ್ಷೆಯಲ್ಲೂ ಕಾಣದಂತೆ.

ಮೂರನೆಯದು ನಡಿಗೆ. ನಾಲ್ಕಾರು ಜನ ಸಮ ಅಂತರದಲ್ಲಿ ಸಾಲಾಗಿ ನಿಂತು, ಬಿತ್ತನೆಗೆ ಮೊದಲು ಉತ್ತ ಹೊಲದಲ್ಲಿ, ತಲೆ ತಗ್ಗಿಸಿ ನಡೆಯುವುದು. ಬೋಕಿ ಚೂರು (ಮಡಕೆಯ ಒಡಕು), ಕಿಟ್ಟ, ಬಳೆಯ ತುಂಡು, ಕಲ್ಲಿನ ಚಕ್ಕೆ ಕಂಡಲ್ಲಿ ಗುರುತು ಹಾಕುವುದು. ಕಪ್ಪು-ಕೆಂಪು ಮಡಕೆಯ ಚೂರು ಒಂದೆರಡು ಸಿಕ್ಕರೆ ಮಳೆಗೆ ಹರಿದು ಬಂದಿರಬಹುದು. ಒಂದೇ ಕಡೆ ನೂರು ಸಿಕ್ಕರೆ ಕೆಳಗೆ ಊರಿದೆ. ಅನುಭವವಿದ್ದವರು ಇಡೀ ಸೇತುವೆಯ ಎರಡೂ ದಡ, ಜೋಡಣೆ ರಸ್ತೆಗಳನ್ನು ಕೆಲವೇ ದಿನಗಳಲ್ಲಿ ನಡೆದು ಮುಗಿಸಬಲ್ಲರು.

ಆಮೇಲೆ ಯಂತ್ರ: ನೆಲದೊಳಗಿನ ಕಾಂತಗುಣದ ವ್ಯತ್ಯಾಸ ಅಳೆಯುವುದು, ರೇಡಾರ್ ಅಲೆ ಕಳಿಸುವುದು. ಬಂಡೆಯೇ ತುಂಬಿರುವ ಹಂಪಿಯಂಥ ಕಡೆ ಎಲ್ಲ ಯಂತ್ರವೂ ಒಂದೇ ಸಮ ನಡೆಯದು. ಕೊನೆಗೆ, ಅನುಮಾನವಿದ್ದ ಕಡೆ ಮಾತ್ರ ಸಣ್ಣ ಪರೀಕ್ಷಾ ಗುಂಡಿಗಳು.

ಇಷ್ಟು ಆದ ಮೇಲೆ ಎಂಜಿನಿಯರ್ ಮತ್ತು ಪುರಾತತ್ವಜ್ಞರು ಒಂದೇ ಮೇಜಿನ ಮುಂದೆ ಕೂರಬೇಕು. ಗೆರೆ ಸರಿಸಬಹುದೇ? ಸರಿಸಲಾಗದಿದ್ದರೆ ಕಂಬಗಳ ನಡುವಿನ ಅಂತರ ಹೆಚ್ಚಿಸಿ ಆ ಜಾಗವನ್ನು ಹಾರಿಸಬಹುದೇ? ಅದೂ ಆಗದಿದ್ದರೆ ಆ ಭಾಗವನ್ನು ಪೂರ್ತಿ ಅಗೆದು ದಾಖಲಿಸಲು ಎಷ್ಟು ತಿಂಗಳು ಬೇಕು? ತಳವಾರಘಟ್ಟದ ವಿಷಯದಲ್ಲಿ ಮೊದಲ ಪ್ರಶ್ನೆಯಲ್ಲೇ ಮಾತು ಮುಗಿಯುತ್ತಿತ್ತೆಂದು ನನಗೆ ಅನ್ನಿಸುತ್ತದೆ. ಕೋಟೆಬಾಗಿಲು, ಮಂಟಪಗಳು, ಹಳೆಯ ಕಡವು ಎಲ್ಲವೂ ಒಂದೇ ಕಡೆ ಸೇರಿರುವಾಗ ಯಾವ ವರದಿಯೂ ಅಲ್ಲೇ ಕಟ್ಟಿ ಎನ್ನುವುದಿಲ್ಲ. ಕೆಳಗಡೆ ಬೇರೆ ಜಾಗ ನೋಡಿ ಎನ್ನುತ್ತಿತ್ತು.

ಸಮೀಕ್ಷೆಯಿಂದ ರಸ್ತೆ ತಡವಾಗುತ್ತದೆಯೇ

ಈ ಹೆದರಿಕೆ ನಿಜವಾದದ್ದು, ಅದನ್ನು ತಳ್ಳಿಹಾಕಬಾರದು. ಆದರೆ ಉತ್ತರಕ್ಕೆ ಒಂದು ಒಳ್ಳೆಯ ಉದಾಹರಣೆ ಇಂಗ್ಲೆಂಡಿನಲ್ಲಿದೆ. ಅಲ್ಲಿ 1990ರಿಂದ ಯೋಜನೆಗೆ ಅನುಮತಿ ಕೊಡುವ ಹಂತದಲ್ಲೇ ಪುರಾತತ್ವದ ಪರಿಶೀಲನೆ ಸೇರಿಕೊಂಡಿದೆ, ಖರ್ಚು ಕಟ್ಟುವವರದು. ಕೇಂಬ್ರಿಜ್ ಮತ್ತು ಹಂಟಿಂಗ್‌ಡನ್ ನಡುವಿನ ಎ14 ಹೆದ್ದಾರಿಯನ್ನು ಹೊಸದಾಗಿ ಮಾಡಿದಾಗ, ಸುಮಾರು 34 ಕಿಲೋಮೀಟರ್ ಉದ್ದಕ್ಕೂ ಮೊದಲು ಯಂತ್ರ ಸಮೀಕ್ಷೆ, ಪರೀಕ್ಷಾ ಕಂದಕ, ಆಮೇಲೆ ಬೇಕಾದ ಕಡೆ ಪೂರ್ಣ ಉತ್ಖನನ ನಡೆಯಿತು. ದಟ್ಟ ಕೆಲಸದ ದಿನಗಳಲ್ಲಿ ಸುಮಾರು 250 ಪುರಾತತ್ವಜ್ಞರು ಹೊಲದಲ್ಲಿದ್ದರು. ರೋಮನ್ ಕಾಲದ ಸುಮಾರು 40 ಕುಂಬಾರಿಕೆ ಭಟ್ಟಿ ಸಿಕ್ಕವು, ಜನ ಬಿಟ್ಟುಹೋದ ಮಧ್ಯಯುಗದ ಹಳ್ಳಿಯೊಂದು ಸಿಕ್ಕಿತು, ಆನೆಯನ್ನು ಹೋಲುವ, ಈಗ ಅಳಿದುಹೋದ ಉಣ್ಣೆ ಮ್ಯಾಮತ್‌ನ ಮೂಳೆ ಸಿಕ್ಕಿತು, ಕ್ರಿ.ಪೂ. 400ರ ಹೊತ್ತಿಗೆ ಬಿಯರ್ ಕಾಯಿಸುತ್ತಿದ್ದರೆಂಬ ಕುರುಹೂ ಸಿಕ್ಕಿತು. ಅದೇ ಯೋಜನೆಯಲ್ಲಿ ಗ್ರೇಟ್ ಊಸ್ ಹೊಳೆಯ ಮೇಲೆ 750 ಮೀಟರ್ ಉದ್ದದ ಸೇತುವೆಯೂ ಇದೆ. ಹೆದ್ದಾರಿಯ ಮುಖ್ಯ ಭಾಗ 2020ರ ಮೇ ತಿಂಗಳಲ್ಲಿ, ಹೇಳಿದ್ದಕ್ಕಿಂತ ತಿಂಗಳುಗಟ್ಟಲೆ ಮೊದಲೇ, ತೆರೆಯಿತು.

ಹಣದಲ್ಲಿ, ಜನಬಲದಲ್ಲಿ ಅವರೂ ನಾವೂ ಒಂದೇ ಅಲ್ಲವೆಂಬುದು ಗೊತ್ತು. ಇಲ್ಲಿ ಕಲಿಯಬೇಕಾದ್ದು ಕ್ರಮ. ಮಣ್ಣಿನ ಬೋರ್ ಹಾಕುವ ತಿಂಗಳಲ್ಲೇ ಬೋಕಿ ಚೂರೂ ಹುಡುಕಿದರೆ ಕಂಟ್ರಾಕ್ಟರ್ ಕಾಯಬೇಕಿಲ್ಲ. ಜೆಸಿಬಿ ಬಂದು ನಿಂತ ಮೇಲೆ ಹುಡುಕಿದರೆ ಬಾಡಿಗೆ ಏರುತ್ತದೆ, ಮನಸ್ತಾಪವೂ ಏರುತ್ತದೆ.

ಸಮೀಕ್ಷೆ ಎಲ್ಲವನ್ನೂ ಕಾಣುತ್ತದೆ ಎಂದೂ ಅಲ್ಲ. ಐರ್ಲೆಂಡಿನ ತಾರಾ ಗುಡ್ಡದ ಬಳಿ ಎಂ3 ಹೆದ್ದಾರಿ ಕಟ್ಟುವಾಗ, ಮೊದಲ ಸಮೀಕ್ಷೆಗಳ ಕಣ್ಣಿಗೆ ಬೀಳದ ಲಿಸ್ಮಲಿನ್‌ನ ದೊಡ್ಡ ವೃತ್ತಾಕಾರದ ಆವರಣ 2007ರಲ್ಲಿ ಬಯಲಾಯಿತು. ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು, ಅಗೆದು ದಾಖಲಿಸಿದರು, ಆಮೇಲೆ ರಸ್ತೆ ಅದರ ಮೇಲೆಯೇ ಹೋಯಿತು. ಅದರ ಬಗ್ಗೆ ಅಲ್ಲಿನವರಲ್ಲಿ ಇಂದಿಗೂ ಸಮಾಧಾನವಿಲ್ಲ. ಕೆಲಸ ನಡೆಯುವಾಗಲೂ ಒಬ್ಬ ಪುರಾತತ್ವಜ್ಞ ಸ್ಥಳದಲ್ಲಿರಬೇಕು ಎನ್ನುವುದು ಇದಕ್ಕೇ.

ನಮ್ಮ ಕಾನೂನಿನ ಕಣ್ಣು

ಆನೆಗೊಂದಿಯಲ್ಲಿ ಆದದ್ದು ಇನ್ನೊಂದು ಕಡೆ ಆಗದಂತೆ ನಮ್ಮ ಕಾನೂನು ತಡೆಯುತ್ತದೆಯೇ? ಅರ್ಧ ತಡೆಯುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ನಿಯಂತ್ರಿತ ಪ್ರದೇಶದಲ್ಲಿ ಬರುವ ದೊಡ್ಡ ಯೋಜನೆಗಳ ಪರಿಣಾಮವನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಪರಿಶೀಲಿಸಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಅರ್ಜಿಯಲ್ಲೂ ಕಾನೂನಿನಿಂದ ರಕ್ಷಿತವಾದ ಸಾಂಸ್ಕೃತಿಕ ಪ್ರದೇಶಗಳು ಹತ್ತಿರದಲ್ಲಿವೆಯೇ ಎಂದು ಕೇಳುತ್ತಾರೆ.

ಎರಡೂ ಕೇಳುವುದು ಈಗಾಗಲೇ ಪಟ್ಟಿಯಲ್ಲಿರುವುದರ ಬಗ್ಗೆ. ಹಂಪಿಯಲ್ಲೇ ನೋಡಿ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು 56. ಹೊರವಲಯದ ಸಮೀಕ್ಷೆಯೊಂದೇ ದಾಖಲಿಸಿದ ತಾಣಗಳು 700ಕ್ಕೂ ಮೇಲೆ. ಉಳಿದವುಗಳಿಗೆ ಈ ಕಾಯ್ದೆಯ 100 ಮೀಟರ್ ಇಲ್ಲ, 10 ಮೀಟರ್ ಕೂಡ ಇಲ್ಲ. ಹಂಪಿಗಾದರೂ ಪ್ರಾಧಿಕಾರವಿದೆ, ಜಗತ್ತಿನ ಕಣ್ಣಿದೆ. ಸಿಂಧನೂರು, ಲಿಂಗಸುಗೂರು, ಸುರಪುರದ ಹೊಲಗಳಲ್ಲಿ ಮಲಗಿರುವ ದಿಬ್ಬಗಳಿಗೆ ಏನಿದೆ? ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಚಿನ್ನದ ಅದಿರು ಹುಡುಕಲು ಬಂದ ಎಂಜಿನಿಯರ್ ಬೀಡನ್‌ಗೆ. ಅವನು ಬಂಡೆಯನ್ನು ನೋಡಿ ಸುಮ್ಮನೆ ಮುಂದೆ ಹೋಗಲಿಲ್ಲ, ತಿಳಿದವರಿಗೆ ತಿಳಿಸಿದ. ಎಂಜಿನಿಯರುಗಳು ಈ ಕೆಲಸದ ಶತ್ರುಗಳಲ್ಲ ಎನ್ನಲು ನನಗೆ ಆ ಒಂದು ಬಂಡೆ ಸಾಕು.

ರಾಜ್ಯ ಹೆದ್ದಾರಿಯೋ ಜಿಲ್ಲಾ ರಸ್ತೆಯೋ ಆಗಲಿ, ಡಿಪಿಆರ್ (ಯೋಜನೆಯ ವಿವರವಾದ ವರದಿ) ಮಾಡುವಾಗಲೇ ರಾಜ್ಯ ಪುರಾತತ್ವ ಇಲಾಖೆಯವರು ಅಥವಾ ಹತ್ತಿರದ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗದವರು ಒಮ್ಮೆ ನಡೆದು ನೋಡಿ ವರದಿ ಕೊಡಬೇಕೆಂಬ ಒಂದು ಸಾಲು ಆದೇಶ ಬಂದರೂ ಅರ್ಧ ಕೆಲಸ ಆಗುತ್ತದೆ. ಹಂಪಿಯಲ್ಲೇ ಕನ್ನಡ ವಿಶ್ವವಿದ್ಯಾಲಯವಿದೆ. ಕ್ಷೇತ್ರಕಾರ್ಯಕ್ಕೆ ಹಳ್ಳಿ ಹುಡುಕುವ ವಿದ್ಯಾರ್ಥಿಗಳು ಪ್ರತಿವರ್ಷ ಇರುತ್ತಾರೆ.

ಕಡೆಬಾಗಿಲು

ಸೇತುವೆ ಕೊನೆಗೂ ಬಂತು. ಆನೆಗೊಂದಿಯಿಂದ ಹೊಳೆಯ ಹರಿವಿನ ಕಡೆ ಕೆಲವು ಕಿಲೋಮೀಟರ್ ಕೆಳಗೆ, ಬುಕ್ಕಸಾಗರ ಮತ್ತು ಕಡೆಬಾಗಿಲು ಗ್ರಾಮಗಳ ನಡುವೆ. ರಾಜಧಾನಿಯ ನಡುಭಾಗವನ್ನು ಬಿಟ್ಟು, ಭಾರದ ವಾಹನಗಳೂ ಹೋಗುವಂತೆ ಕಟ್ಟಿದ್ದಾರೆ. ಗಂಗಾವತಿಯ ಭತ್ತದ ಲಾರಿಗಳು ಅದರ ಮೇಲೆ ಹೋಗುತ್ತವೆ, ಆನೆಗೊಂದಿಯವರು ಬೈಕಿನಲ್ಲಿ ದಾಟಿ ಕಮಲಾಪುರಕ್ಕೆ ಬರುತ್ತಾರೆ. ಮೊದಲ ಗೆರೆ ಎಳೆದ ದಿನವೇ ಈ ಜಾಗವನ್ನು ನೋಡಿದ್ದರೆ ಒಂದು ತಲೆಮಾರಿನ ಮಕ್ಕಳು ಸೇತುವೆ ಇಲ್ಲದೆ ದೊಡ್ಡವರಾಗುತ್ತಿರಲಿಲ್ಲ. ತಡವಾದುದರ ಬೆಲೆ ತೆತ್ತವರು ಆ ದಡದ ಜನ, ಮತ್ತು ದೂರದಿಂದ ಕೂಲಿಗೆ ಬಂದು ಹಿಂದಿರುಗದೆ ಹೋದವರು.

ತಳವಾರಘಟ್ಟದಲ್ಲಿ ಜನ ಈಗಲೂ ದೋಣಿ ಹತ್ತಿ ದಾಟುತ್ತಾರೆ, ಹರಿಗೋಲು ಈಗಲೂ ತಿರುಗುತ್ತದೆ. ಮಳೆಗಾಲದಲ್ಲಿ ಅಣೆಕಟ್ಟಿನ ಗೇಟು ತೆಗೆದ ಸುದ್ದಿ ಬಂದರೆ ಅಂಬಿಗರು ಹರಿಗೋಲನ್ನು ದಡಕ್ಕೆ ಎಳೆದು, ಬೋರಲು ಹಾಕಿ, ನೀರಿಳಿಯುವುದನ್ನು ಕಾಯುತ್ತಾರೆ.